ಓದುಗರ ಪ್ರಶ್ನೆ: ಸಂಬಳವೂ ಬೇಕು, ಕುಂಚವೂ ಬೇಕು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಹಗಲು ಆಫೀಸು, ರಾತ್ರಿ ಕುಂಚ. ಇಲ್ಲಾಂದ್ರೆ ಸೂಜಿ ದಾರ, ಬಣ್ಣದ ಕಾಗದ, ಕಂಪ್ಯೂಟರಿನ ಡಿಸೈನು. ಮಂಗಳೂರು, ಉಡುಪಿ, ಕಾರ್ಕಳ, ಕುಂದಾಪುರ, ಎಲ್ಲ ಕಡೆಯಿಂದ ಬರೆದಿದ್ದೀರಿ. ನಾನೂ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ 22 ವರ್ಷ ಕೆಲಸ ಮಾಡುತ್ತಲೇ, ಕೈಯಲ್ಲಿ ಹೊಲಿದ ನೋಟ್‌ಬುಕ್ ಮಾಡಿ ಮಾರಿದವಳು. ಹಾಗಾಗಿ ಈ ಪತ್ರಗಳನ್ನು ಓದುವಾಗ ನಿಮ್ಮ ಮನೆಯ ರಾತ್ರಿ ಹನ್ನೊಂದು ಗಂಟೆ ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಐದು ಪತ್ರ ಆರಿಸಿಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ, ಪತ್ರಗಳನ್ನು ಚುಟುಕು ಮಾಡಿದ್ದೇನೆ.

ಪ್ರಶ್ನೆ: ಅಕ್ಕಾ, ನಾನು ಮಣಿಪಾಲದಲ್ಲಿ ಒಂದು ಖಾಸಗಿ ಸಂಸ್ಥೆಯ ಬಿಲ್ಲಿಂಗ್ ವಿಭಾಗದಲ್ಲಿದ್ದೇನೆ. 8 ವರ್ಷ ಆಯಿತು. ಸಂಬಳ 19,500. ಪಿಎಫ್, ಇಎಸ್‌ಐ ಎರಡೂ ಉಂಟು. ಮೂರು ವರ್ಷದಿಂದ ಹತ್ತಿ ಸೀರೆಗೆ ಕೈಯಲ್ಲಿ ಬಣ್ಣ ಹಾಕಿ ಮಾರುತ್ತಿದ್ದೇನೆ. ಒಂದು ಸೀರೆಗೆ 1,800 ರೂಪಾಯಿ. ಸೀರೆಗೆ 750, ಬಣ್ಣ ಕುಂಚಕ್ಕೆ 150, ಪ್ಯಾಕಿಂಗು ಕೊರಿಯರಿಗೆ 110 ಖರ್ಚು. ತಿಂಗಳಿಗೆ ಆರು ಸೀರೆ ಹೋಗುತ್ತದೆ. ಅಷ್ಟಮಿ, ನವರಾತ್ರಿ ಬಂತೆಂದರೆ ಇನ್ನೂ ಜಾಸ್ತಿ. ಮಲಗುವಾಗ ಒಂದು ಗಂಟೆ ಆಗುತ್ತದೆ. ಆಫೀಸಿನಲ್ಲಿ ಇದ್ದಾಗ ಗಿರಾಕಿಗಳ ಫೋನು. ಮಗಳಿಗೆ ಆರು ವರ್ಷ. ಅತ್ತೆ ಜೊತೆಯಲ್ಲಿದ್ದಾರೆ. ನನ್ನ ಗಂಡ ಬೇಡ ಅನ್ನುವುದಿಲ್ಲ. ಕೆಲಸ ಬಿಟ್ಟು ಪೂರ್ತಿ ಸೀರೆಯನ್ನೇ ಮಾಡಲೇ? (ಪರ್ಕಳದ ಓದುಗಿ)

ಉತ್ತರ: ಮೊದಲು ಲೆಕ್ಕ ಮಾಡೋಣ. ಕೆಲಸ ಬಿಡುವ ಮಾತು ಆಮೇಲೆ.

ನೀವು ಖರ್ಚಿನ ಲೆಕ್ಕ ಎಷ್ಟು ಚೆಂದ ಬರೆದಿದ್ದೀರಿ ಅಂದರೆ, ಅಕೌಂಟ್ಸ್‌ನವಳಾಗಿ ನನಗೆ ಖುಷಿಯಾಯಿತು. 750, 150, 110, ಒಟ್ಟು 1,010. ಮಾರುವುದು 1,800ಕ್ಕೆ. ಉಳಿಯುವುದು 790. ಆದರೆ ಒಂದು ಸೀರೆಗೆ ಎಷ್ಟು ಗಂಟೆ ಹೋಗುತ್ತದೆ ಅಂತ ಪತ್ರದಲ್ಲಿ ಎಲ್ಲೂ ಇಲ್ಲ. ಆಮೇಲೆ ಫೋನಿನಲ್ಲಿ ಕೇಳಿದಾಗ ಹೇಳಿದಿರಿ: ಪೆನ್ಸಿಲ್ಲಿನಲ್ಲಿ ಚಿತ್ರ ಬರೆಯಲು 2 ಗಂಟೆ, ಬಣ್ಣಕ್ಕೆ 9, ಇಸ್ತ್ರಿ ಹಾಕಿ ಬಣ್ಣ ಗಟ್ಟಿ ಮಾಡಲು 1, ಫೋಟೋ, ಮೆಸೇಜು, ಕೊರಿಯರ್ ಅಂಗಡಿಗೆ ಹೋಗಿ ಬರುವುದು ಎಲ್ಲ ಸೇರಿ 2. ಅಂದರೆ 14 ಗಂಟೆ. 790 ರೂಪಾಯಿಯನ್ನು 14ರಿಂದ ಭಾಗಿಸಿ. ಗಂಟೆಗೆ 56 ರೂಪಾಯಿ.

ಇದರಲ್ಲಿ ನಿಮ್ಮ ತಪ್ಪು ಅಂತ ಏನೂ ಇಲ್ಲ. ನಮ್ಮ ಊರಿನ ಹೆಂಗಸರು ಮನೆಕೆಲಸದ ನಡುವೆ ದುಡಿಯುತ್ತ ಬಂದವರೇ. ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಶಂಕರಪುರದ ಕಡೆ ಮಲ್ಲಿಗೆ ಬೆಳೆಯುವ ಮನೆಗಳಲ್ಲಿ ಬೆಳಕು ಹರಿಯುವ ಮೊದಲೇ ಎದ್ದು ಮೊಗ್ಗು ಕೊಯ್ದು, ಕೂತು ಕಟ್ಟಿ, ಚೆಂಡು ಮಾಡಿ ಕಳಿಸುತ್ತಾರೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ ಇವತ್ತು ಇಷ್ಟು ಅಂತ ರೇಟು ಬರುತ್ತದೆ, ನಾಳೆ ಬೇರೆ. ಬೀಡಿಯಾಗಲಿ ಮಲ್ಲಿಗೆಯಾಗಲಿ, ರೇಟು ಹೇಳುವವರು ಬೇರೆಯವರು. ಎಷ್ಟು ಗಂಟೆ ಕೂತೆ ಅಂತ ಅಮ್ಮ ಒಂದು ದಿನವೂ ಲೆಕ್ಕ ಇಟ್ಟದ್ದಿಲ್ಲ, ಇಟ್ಟು ಏನು ಮಾಡುವುದು, ರೇಟು ಬದಲಾಗುತ್ತದಾ? ಆ ಅಭ್ಯಾಸ ನಮಗೂ ಬಂದುಬಿಟ್ಟಿದೆ. ಎಣಿಸುವುದು ಸೀರೆ, ಎಣಿಸುವುದು ನೋಟ್‌ಬುಕ್ಕು. ಆದರೆ ನಿಮ್ಮ ಸೀರೆಯ ರೇಟು ಹೇಳುವುದು ನೀವೇ. ಹಾಗಾದ ಮೇಲೆ ಗಂಟೆಯನ್ನೂ ಎಣಿಸಲೇಬೇಕು.

ಈಗ ಇನ್ನೊಂದು ಲೆಕ್ಕ. ನಿಮ್ಮ ಹತ್ತಿರ ನಿಜವಾಗಿ ಎಷ್ಟು ಗಂಟೆ ಉಂಟು? ವಾರದಲ್ಲಿ ನಾಲ್ಕು ದಿನ ರಾತ್ರಿ ಎಂಟೂವರೆಯಿಂದ ಹತ್ತು, ಅದು 6 ಗಂಟೆ. ಭಾನುವಾರ ಬೆಳಿಗ್ಗೆ 4 ಗಂಟೆ. ವಾರಕ್ಕೆ 10, ತಿಂಗಳಿಗೆ 40. ಅದರಲ್ಲಿ 10 ಗಂಟೆಯನ್ನು ಮೊದಲೇ ತೆಗೆದಿಡಿ. ಮಗಳಿಗೆ ಜ್ವರ ಬರುತ್ತದೆ, ನೆಂಟರು ಬರುತ್ತಾರೆ, ಕರೆಂಟು ಹೋಗುತ್ತದೆ. ಉಳಿದದ್ದು 30. ಅಂದರೆ ಎರಡು ಸೀರೆ. ನೀವು ಒಪ್ಪಿಕೊಳ್ಳುತ್ತಿರುವುದು ಆರು. ಆರು ಸೀರೆಗೆ 84 ಗಂಟೆ ಬೇಕು. ನಿಮ್ಮ ನಿದ್ದೆ ಎಲ್ಲಿ ಹೋಯಿತು ಅಂತ ಗೊತ್ತಾಯಿತಲ್ಲ?

ರೇಟು ಹೀಗೆ ಹಾಕಿ. ಗಂಟೆಗೆ 120 ರೂಪಾಯಿ ಅಂದುಕೊಳ್ಳಿ. 14 ಗಂಟೆಗೆ 1,680. ಖರ್ಚು 1,010. ಒಟ್ಟು 2,690, ಅಂದರೆ 2,700. "ಅಯ್ಯೋ, ಯಾರು ತೆಗೆದುಕೊಳ್ಳುತ್ತಾರೆ ಅಕ್ಕಾ" ಅಂತ ನಿಮಗೆ ಅನ್ನಿಸುತ್ತದೆ. ತಿಂಗಳಿಗೆ ಆರು ಮಂದಿ ಬೇಡ, ಇಬ್ಬರು ತೆಗೆದುಕೊಂಡರೆ ಸಾಕು. ಎರಡು ಸೀರೆಯಲ್ಲಿ ಉಳಿಯುವುದು 3,380. ಈಗ ಆರು ಸೀರೆಯಲ್ಲಿ ಉಳಿಯುತ್ತಿರುವುದು 4,740. ವ್ಯತ್ಯಾಸ 1,360 ರೂಪಾಯಿ. ಆ 1,360ಕ್ಕೋಸ್ಕರ ನೀವು ತಿಂಗಳಿಗೆ 56 ಗಂಟೆ ಜಾಸ್ತಿ ಕೂರುತ್ತಿದ್ದೀರಿ. ಗಂಟೆಗೆ 24 ರೂಪಾಯಿ ಬಿತ್ತು. ನಿಮ್ಮ ಮಗಳು ಅಮ್ಮ ಬಂದು ಮಲಗಲಿ ಅಂತ ಕಾಯುವ ಗಂಟೆ ಅದು.

ಹಾಗಾದರೆ ಉಳಿದ ನಾಲ್ಕು ಮಂದಿಗೆ ಏನು ಹೇಳುವುದು? ಆಗುವುದಿಲ್ಲ ಅಂತ ಹೇಳುವುದು. ನಾನು ಈ ಇಡೀ ಅಂಕಣದಲ್ಲಿ ಹೇಳಬೇಕು ಅಂದುಕೊಂಡದ್ದು ಇದೊಂದನ್ನೇ. ಮಾರಿದರೆ ಮಾತ್ರ ಒಲೆ ಉರಿಯುತ್ತದೆ ಅನ್ನುವವರಿಗೆ ಬಂದ ಗಿರಾಕಿಯನ್ನು ಕಳಿಸಲು ಆಗುವುದಿಲ್ಲ. ನಿಮಗೆ ಒಂದನೇ ತಾರೀಕಿಗೆ ಸಂಬಳ ಬರುತ್ತದೆ. ಅಷ್ಟು ಚೌಕಾಸಿ ಮಾಡುವವರಿಗೆ, ಒಂದು ವಾರದಲ್ಲಿ ಬೇಕು ಅನ್ನುವವರಿಗೆ, ಇನ್ನೊಬ್ಬರ ಡಿಸೈನ್ ಕಳಿಸಿ ಇದನ್ನೇ ಮಾಡಿ ಅನ್ನುವವರಿಗೆ ಬೇಡ ಅನ್ನಲು ಆ ಸಂಬಳವೇ ಧೈರ್ಯ ಕೊಡುತ್ತದೆ. ಆ ಧೈರ್ಯವನ್ನು ಬಳಸದೆ ಇಟ್ಟುಕೊಂಡರೆ ಎರಡೂ ಕಡೆಯ ದಣಿವು ಮಾತ್ರ ನಿಮಗೆ ಉಳಿಯುತ್ತದೆ.

ನಾನು ಇದನ್ನು ಕಲಿತದ್ದು ಕಷ್ಟಪಟ್ಟು. ಒಂದು ವರ್ಷ ಫೆಬ್ರವರಿಯಲ್ಲಿ ಒಬ್ಬರು ಮಗಳ ಮದುವೆಗೆ ಬಂದವರಿಗೆ ಕೊಡಲು 150 ನೋಟ್‌ಬುಕ್ ಕೇಳಿದರು. ಏಪ್ರಿಲ್ ಮೊದಲ ವಾರ ಮದುವೆ. ನನಗೆ ಆಸೆ, ಅಷ್ಟು ದೊಡ್ಡ ಆರ್ಡರ್ ಅದುವರೆಗೆ ಬಂದಿರಲಿಲ್ಲ, ಹೂಂ ಅಂದೆ. ಮಾರ್ಚ್ ಅಂದರೆ ಅಕೌಂಟ್ಸ್‌ನವರಿಗೆ ವರ್ಷದ ಲೆಕ್ಕ ಮುಗಿಸುವ ತಿಂಗಳು, ರಾತ್ರಿ ಎಂಟರ ಮೊದಲು ಮನೆಗೆ ಬರಲಾಗುವುದಿಲ್ಲ, ಇದು ನನಗೆ ಗೊತ್ತಿಲ್ಲದ ಸಂಗತಿಯಾ? ಆದರೂ ಒಪ್ಪಿಕೊಂಡೆ. ಮಾರ್ಚ್ 28ಕ್ಕೆ 90 ಆಗಿತ್ತು. ಆಫೀಸಿನಲ್ಲಿ ಒಂದು ಬ್ಯಾಂಕ್ ಲೆಕ್ಕ ತಾಳೆ ಮಾಡುವಾಗ ದೊಡ್ಡ ತಪ್ಪು ಮಾಡಿದೆ. ಅದೇ ವಾರ ಆ ಮದುವೆ ಮನೆಯವರಿಗೆ ಫೋನ್ ಮಾಡಿ, 60 ಕೊಡಲು ಆಗುವುದಿಲ್ಲ, ಮುಂಗಡ ವಾಪಸ್ ಕೊಡುತ್ತೇನೆ ಅಂತ ಹೇಳಿದೆ. ಆ ತಾಯಿ ಬೈಯಲಿಲ್ಲ. "ಮೊದಲೇ ಹೇಳಬಹುದಿತ್ತಲ್ಲಾ" ಅಂದರು, ಅಷ್ಟೇ. ಈಗಲೂ ಆ ಮಾತು ಕಿವಿಯಲ್ಲಿದೆ. ಅವತ್ತಿನಿಂದ ಮಾರ್ಚ್ ತಿಂಗಳಲ್ಲಿ ನನ್ನ ನೋಟ್‌ಬುಕ್ ಕೆಲಸಕ್ಕೆ ರಜೆ. ಡಿಸೆಂಬರಿನಲ್ಲೇ ಎಲ್ಲರಿಗೂ ಹೇಳಿಬಿಡುತ್ತಿದ್ದೆ.

ನೀವೂ ಮೊದಲೇ ಹೇಳಿ. ಅಷ್ಟಮಿ, ಚೌತಿ, ನವರಾತ್ರಿ ಯಾವತ್ತು ಅಂತ ಕ್ಯಾಲೆಂಡರಿನಲ್ಲಿ ವರ್ಷದ ಮೊದಲೇ ಉಂಟಲ್ವಾ? ಉಡುಪಿ ಕೃಷ್ಣಮಠದ ಪರ್ಯಾಯವಂತೂ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೇ. ಹಬ್ಬಕ್ಕೆ ಎರಡು ತಿಂಗಳು ಮೊದಲು ಆರ್ಡರ್ ನಿಲ್ಲಿಸುವ ತಾರೀಕು ಬರೆದು ಹಾಕಿ. ಯಾರಾದರೂ ಕೇಳಿದರೆ ಇಷ್ಟೇ ಬರೆಯಿರಿ: "ಈ ತಿಂಗಳ ಎರಡು ಸೀರೆ ಬುಕ್ ಆಗಿದೆ. ಮುಂದಿನ ತಿಂಗಳಿಗೆ ನಿಮ್ಮ ಹೆಸರು ಬರೆದುಕೊಳ್ಳಲಾ?" ಸಾರಿ ಅಂತ ಹತ್ತು ಸಲ ಬರೆಯಬೇಡಿ. ಅರ್ಧ ಹಣ ಮುಂಗಡ ಬಂದರೆ ಮಾತ್ರ ಹೆಸರು ಬರೆಯಿರಿ. ಫೋನಿಗೆ ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ. ನೀವು ಆಫೀಸಿನಲ್ಲಿರುವ ಹೊತ್ತಿಗೆ ಬಂದ ಮೆಸೇಜಿಗೆ ತಾನಾಗಿ ಉತ್ತರ ಹೋಗುವ ಹಾಗೆ ಅದರಲ್ಲಿ ಸಮಯ ಇಡಬಹುದು. "ರಾತ್ರಿ ಎಂಟೂವರೆಯ ಮೇಲೆ ಉತ್ತರಿಸುತ್ತೇನೆ" ಅಂತ. ಸೀರೆಯ ವಿಷಯ ರಾತ್ರಿವರೆಗೆ ಕಾಯುತ್ತದೆ. ಬಿಲ್ಲಿಂಗ್ ಕೌಂಟರಿನ ಮುಂದೆ ನಿಂತವರು ಕಾಯುವುದಿಲ್ಲ, ಮತ್ತೆ ಅವರಲ್ಲಿ ಎಷ್ಟೋ ಮಂದಿ ಏನೋ ಕಷ್ಟದಲ್ಲಿ ಬಂದವರಿರುತ್ತಾರೆ.

ಮಳೆಗಾಲದ ಬಗ್ಗೆ ನೀವು ಬರೆದಿಲ್ಲ, ಆದರೆ ನನಗೆ ಅದೇ ಮೊದಲು ನೆನಪಾಯಿತು. ಬಣ್ಣದ ಡಬ್ಬಿಯ ಮೇಲೆ ಒಂದು ದಿನ ಒಣಗಿಸಿ ಅಂತ ಬರೆದಿದ್ದರೆ ನಮ್ಮ ಜುಲೈಯಲ್ಲಿ ಎರಡು ಮೂರು ದಿನ ಬೇಕು. ಪೂರ್ತಿ ಒಣಗದೆ ಇಸ್ತ್ರಿ ಹಾಕಿದರೆ ಮೊದಲ ಒಗೆತಕ್ಕೇ ಬಣ್ಣ ಏಳುತ್ತದೆ. ಗಂಜಿ ಹಾಕಿದ ಹತ್ತಿ ಸೀರೆ ಕಪಾಟಿನಲ್ಲಿ ಇಟ್ಟಲ್ಲೇ ಬೂಷ್ಟು ಹಿಡಿಯುತ್ತದೆ. ನನ್ನ ಮೈದಾ ಅಂಟು ಹಾಕಿದ ನೋಟ್‌ಬುಕ್ಕುಗಳಿಗೂ ಅದೇ ಗತಿ ಆಗಿತ್ತು. ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ, ಸೀರೆಯ ಆರ್ಡರ್ ತೆಗೆದುಕೊಳ್ಳಬೇಡಿ. ಕಾಗದದ ಮೇಲೆ ಹೊಸ ಚಿತ್ರ ಬರೆಯಿರಿ. ಬ್ಲೌಸ್ ಪೀಸು, ದುಪಟ್ಟಾದಂತಹ ಸಣ್ಣದನ್ನು ಮಾಡಿ, ಫ್ಯಾನಿನ ಕೆಳಗೆ ಒಂದು ಹಗ್ಗ ಕಟ್ಟಿದರೆ ಒಣಗುತ್ತದೆ.

ಇನ್ನು ಕೆಲಸ ಬಿಡುವ ಪ್ರಶ್ನೆ. ಸೀರೆಯಿಂದಲೇ ನಿಮ್ಮ ಸಂಬಳದಷ್ಟು ಬರಬೇಕು ಅಂದರೆ 2,700ರ ಹೊಸ ರೇಟಿನಲ್ಲೂ ತಿಂಗಳಿಗೆ 12 ಸೀರೆ ಹೋಗಬೇಕು. 168 ಗಂಟೆ ಕೆಲಸ. ಕೂತರೆ ಮಾಡಬಹುದು. ಆದರೆ ಪ್ರತಿ ತಿಂಗಳು 12 ಗಿರಾಕಿಗಳು ಬರಬೇಕು, ಆಟಿಯಲ್ಲೂ ಬರಬೇಕು. ಮೂರು ವರ್ಷದ ನಿಮ್ಮ ಪುಸ್ತಕ ತೆಗೆದು ಜೂನ್, ಜುಲೈ ತಿಂಗಳು ಎಷ್ಟು ಮಾರಿದ್ದೀರಿ ನೋಡಿ, ಅದೇ ನಿಮಗೆ ಉತ್ತರ ಹೇಳುತ್ತದೆ. ಇನ್ನೊಂದು ಸಂಗತಿ ಉಂಟು. ಪಿಎಫ್ ಜೊತೆಗಿನ ಪಿಂಚಣಿ ಸಿಗಬೇಕಾದರೆ 10 ವರ್ಷ ಸೇವೆ ಆಗಬೇಕು. ನಿಮ್ಮದು 8 ಆಗಿದೆ. ಈಗ ಬಿಟ್ಟು ಮುಂದೆ ಬೇರೆ ಕಡೆ ಸೇರಿದರೆ ಈ 8 ವರ್ಷವನ್ನು ಸೇರಿಸಿಕೊಳ್ಳಲು ದಾರಿ ಇದೆ, ಆದರೆ ಸೇರದೇ ಇದ್ದರೆ ಪಿಂಚಣಿ ಇಲ್ಲ. ಇಎಸ್‌ಐ ಚಿಕಿತ್ಸೆಯ ಸೌಲಭ್ಯ ಕೂಡ ಕೆಲಸದ ಜೊತೆಗೇ ಹೋಗುತ್ತದೆ. ಆರು ವರ್ಷದ ಮಗು, ವಯಸ್ಸಾದ ಅತ್ತೆ ಇರುವ ಮನೆಯಲ್ಲಿ ಅದು ಸಣ್ಣ ವಿಷಯ ಅಲ್ಲ.

ಹಾಗಾಗಿ ಇನ್ನೂ ಎರಡು ವರ್ಷ ಬಿಡಬೇಡಿ. ಆ ಎರಡು ವರ್ಷ ಸೀರೆಯ ದುಡ್ಡನ್ನು ಮನೆ ಖರ್ಚಿಗೆ ಬೆರೆಸಬೇಡಿ. ನಿಮ್ಮ ಊರಿನ ಬ್ಯಾಂಕೇ 1928ರಲ್ಲಿ ಪಿಗ್ಮಿ ಅನ್ನುವ ದಿನದ ಉಳಿತಾಯ ಶುರು ಮಾಡಿದ್ದು, ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕು ಅಂತ. ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಆದರೆ ಪಿಗ್ಮಿ ಕಟ್ಟುವ ಅಭ್ಯಾಸ ನಮ್ಮ ಅಂಗಡಿಗಳಲ್ಲಿ ಇನ್ನೂ ಇದೆ. ಎರಡು ಸೀರೆಯಲ್ಲಿ 3,380 ಉಳಿಯುತ್ತದೆ ಅಂದೆನಲ್ಲ, ದಿನಕ್ಕೆ 100 ರೂಪಾಯಿ ಕಟ್ಟಲು ಅಷ್ಟು ಸಾಕು. ವರ್ಷಕ್ಕೆ 36,500. ಎರಡು ವರ್ಷಕ್ಕೆ 73,000. ಆಗ ಬಿಡುವ ಮಾತಾಡೋಣ. ಆಗ ಬಿಡುವುದು ಬೇಡ ಅಂತಲೂ ನಿಮಗೆ ಅನ್ನಿಸಬಹುದು.

ಗಂಡನ ಬಗ್ಗೆ ನೀವು ಬರೆದದ್ದು ಒಂದೇ ಸಾಲು. ಬೇಡ ಅನ್ನುವುದಿಲ್ಲ. ಅಷ್ಟು ಸಾಕಾಗುವುದಿಲ್ಲ ತಂಗೀ. ವಾರದ ಆ ನಾಲ್ಕು ರಾತ್ರಿ ಎಂಟೂವರೆಯಿಂದ ಹತ್ತರವರೆಗೆ ಮಗಳ ಹೋಂವರ್ಕು, ಊಟ, ಮಲಗಿಸುವುದು ಅವರದ್ದು. ಇದನ್ನು ಕೂತು ಮಾತಾಡಿ ತೀರ್ಮಾನ ಮಾಡಿ. ಈ ಪುಟವನ್ನೇ ಅವರಿಗೆ ಓದಲು ಕೊಡಿ.

ಪ್ರಶ್ನೆ: ಮೇಡಂ, ನಾನು ಒಂದು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅಧಿಕಾರಿ. ದೀಪಾವಳಿಗೆ ಗೂಡುದೀಪ ಮಾಡುವುದು ಅಜ್ಜನ ಕಾಲದಿಂದ ನಮ್ಮ ಮನೆಯ ಹವ್ಯಾಸ. ಬಿದಿರಿನ ಕಡ್ಡಿ, ಬಣ್ಣದ ಕಾಗದದ್ದು. ಕಳೆದ ವರ್ಷ ಪರಿಚಯದವರು ದುಡ್ಡು ಕೊಟ್ಟು 40 ತೆಗೆದುಕೊಂಡರು. ಈ ವರ್ಷ 100 ಕೇಳುತ್ತಿದ್ದಾರೆ. ಬ್ಯಾಂಕಿನಲ್ಲಿ ತೊಂದರೆ ಆಗದ ಹಾಗೆ ಹೆಂಡತಿಯ ಹೆಸರಿನಲ್ಲಿ ಮಾಡು ಅನ್ನುತ್ತಾರೆ ಸ್ನೇಹಿತರು. ಸರಿಯಾ? (ಮಂಗಳೂರಿನ ಓದುಗ)

ಉತ್ತರ: ಸರಿಯಲ್ಲ. ಕಡ್ಡಿ ಸೀಳುವುದು ನೀವು, ಕಾಗದ ಅಂಟಿಸುವುದು ನೀವು, ಹೆಸರು ಮಾತ್ರ ಹೆಂಡತಿಯದ್ದು ಅಂದರೆ ಅದು ಸುಳ್ಳು. ಬ್ಯಾಂಕಿನ ನಡತೆ ನಿಯಮದಲ್ಲಿ ಅನುಮತಿ ಇಲ್ಲದೆ ವ್ಯಾಪಾರ ಮಾಡಬಾರದು ಅಂತ ಇರುತ್ತದೆ. ನೇರವಾಗಿಯೂ ಬೇಡ, ಬೇರೆಯವರ ಮೂಲಕವೂ ಬೇಡ ಅಂತ. ಮನೆಯವರು ವ್ಯಾಪಾರ ಮಾಡುತ್ತಿದ್ದರೆ ಅದನ್ನೂ ತಿಳಿಸಬೇಕಾಗುತ್ತದೆ. ಆದಾಯ ತೆರಿಗೆಯವರ ಲೆಕ್ಕದಲ್ಲೂ ದುಡಿಮೆ ನಿಮ್ಮದಾದರೆ ಆದಾಯವೂ ನಿಮ್ಮದೇ. ಹಾಗಾಗಿ ಯಾರೋ ಒಬ್ಬರು ಒಂದು ದೂರು ಬರೆದರೆ 40,000 ರೂಪಾಯಿಯ ಗೂಡುದೀಪಕ್ಕೆ 20 ವರ್ಷದ ಸೇವೆಯ ಮೇಲೆ ಕಪ್ಪು ಚುಕ್ಕೆ.

ಕೇಳಿ ಮಾಡಿ. ಒಂದು ಪುಟದ ಅರ್ಜಿ. ಇದು ಕುಟುಂಬದ ಕಲೆ, ವರ್ಷಕ್ಕೆ ಒಂದು ತಿಂಗಳು, ಇಷ್ಟು ಗೂಡುದೀಪ, ಇಷ್ಟು ಹಣ, ಕೆಲಸದ ಸಮಯದಲ್ಲಿ ಮಾಡುವುದಿಲ್ಲ, ಬ್ಯಾಂಕಿನ ಗಿರಾಕಿಗಳಿಗೆ ಮಾರುವುದಿಲ್ಲ. ಕೊನೆಯ ಮಾತು ತುಂಬಾ ಮುಖ್ಯ, ಸಾಲ ಕೇಳಲು ಬಂದವರು ನಿಮ್ಮಿಂದ ಗೂಡುದೀಪ ಕೊಂಡರೆ ನೋಡುವವರಿಗೆ ಬೇರೆಯೇ ಕಾಣುತ್ತದೆ. ಉತ್ತರ ಬರಹದಲ್ಲಿ ಬರುವ ತನಕ ಮುಂಗಡ ತೆಗೆದುಕೊಳ್ಳಬೇಡಿ. ಅನುಮತಿ ಸಿಗದಿದ್ದರೆ ಈ ವರ್ಷ ಮಾರಬೇಡಿ. ಮಕ್ಕಳಿಗೆ ಕಲಿಸಿ, ಕುದ್ರೋಳಿಯ ಗೂಡುದೀಪ ಸ್ಪರ್ಧೆಗೆ ಕೊಡಿ. ಅಜ್ಜನ ವಿದ್ಯೆ ಉಳಿಯುವುದು ಮಾರಿದರೆ ಮಾತ್ರ ಅಂತ ಏನಿಲ್ಲ. ನಮ್ಮಲ್ಲಿ ಯಕ್ಷಗಾನದ ಹವ್ಯಾಸಿ ಕಲಾವಿದರು ಎಷ್ಟು ಮಂದಿ ಮೇಷ್ಟ್ರು, ಬ್ಯಾಂಕಿನವರು ಇದ್ದಾರೆ ಅಲ್ವಾ, ಸಂಬಳ ಒಂದು ಕಡೆ ಇದ್ದದ್ದರಿಂದಲೇ ಅವರು ಇಷ್ಟದ ವೇಷವನ್ನು ಇಷ್ಟ ಬಂದ ಹಾಗೆ ಮಾಡಿಕೊಂಡು ಬಂದರು.

ಸರ್ಕಾರಿ ನೌಕರಿಯಲ್ಲಿರುವ ಓದುಗರಿಗೂ ಒಂದು ಮಾತು. ಕೇಂದ್ರದವರಿಗೆ 1964ರ ನಡತೆ ನಿಯಮ ಇದೆ. ಅದರಲ್ಲಿ ಕೆಲಸಕ್ಕೆ ತೊಂದರೆ ಆಗದ ಹಾಗೆ ಅಪರೂಪಕ್ಕೆ ಮಾಡುವ ಸಾಹಿತ್ಯ, ಕಲೆಯ ಕೆಲಸಕ್ಕೆ ಜಾಗ ಕೊಟ್ಟಿದ್ದಾರೆ. ವ್ಯಾಪಾರಕ್ಕೆ ಅನುಮತಿ ಬೇಕೇ ಬೇಕು. ರಾಜ್ಯದವರು 2021ರ ನಿಯಮ ತೆಗೆದು ಓದಿಕೊಳ್ಳಿ.

ಪ್ರಶ್ನೆ: ನಮಸ್ತೆ. ಐಟಿ ಕಂಪನಿಯೊಂದರಲ್ಲಿ ಡಿಸೈನರ್ ಆಗಿದ್ದೇನೆ. ರಾತ್ರಿ ಮದುವೆ ಕರೆಯೋಲೆ, ಅಂಗಡಿಗಳ ಲೋಗೋ ಮಾಡಿಕೊಡುತ್ತೇನೆ. ಆಫೀಸಿನ ಲ್ಯಾಪ್‌ಟಾಪ್ ತುಂಬಾ ಚೆನ್ನಾಗಿದೆ, ಸಾಫ್ಟ್‌ವೇರ್ ಎಲ್ಲ ಅದರಲ್ಲೇ ಇದೆ. ಕೆಲಸ ಮುಗಿದ ಮೇಲೆ ಬಳಸಿದರೆ ತಪ್ಪಾ? (ಸುರತ್ಕಲ್ಲಿನ ಓದುಗ, 26 ವರ್ಷ)

ಉತ್ತರ: ತಪ್ಪು, ಇವತ್ತೇ ನಿಲ್ಲಿಸಿ. ಸಾಫ್ಟ್‌ವೇರಿಗೆ ದುಡ್ಡು ಕೊಟ್ಟದ್ದು ಕಂಪನಿ, ಆ ಲ್ಯಾಪ್‌ಟಾಪಿನಲ್ಲಿ ಏನು ಮಾಡುತ್ತೀರಿ ಅಂತ ಅವರು ನೋಡಬಹುದು ಕೂಡ. ಅದಕ್ಕಿಂತ ದೊಡ್ಡದು ಹಕ್ಕಿನ ಪ್ರಶ್ನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರಿಯ ಕೆಲಸದ ಭಾಗವಾಗಿ ಮಾಡಿದ್ದರ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದ್ದು. ರಾತ್ರಿ ಮಾಡಿದ ಕರೆಯೋಲೆ ನೌಕರಿಯ ಭಾಗ ಅಲ್ಲ ನಿಜ. ಆದರೆ ಅದು ಅವರ ಯಂತ್ರದಲ್ಲಿ, ಅವರ ಸಾಫ್ಟ್‌ವೇರಿನಲ್ಲಿ, ನಿಮ್ಮ ಹಗಲಿನ ಕೆಲಸದಂತದ್ದೇ ಆಗಿದ್ದಾಗ ನನ್ನದು ಅಂತ ತೋರಿಸುವುದು ಹೇಗೆ? ಸೇರುವಾಗ ಸಹಿ ಹಾಕಿದ ಪತ್ರ ತೆಗೆದು ಓದಿ. ಹೊರಗೆ ಕೆಲಸ ಮಾಡಬಾರದು ಅಂತ ಒಂದು ಸಾಲು, ನೀವು ಮಾಡುವ ಡಿಸೈನುಗಳ ಹಕ್ಕಿನ ಬಗ್ಗೆ ಇನ್ನೊಂದು ಸಾಲು ಇದ್ದೇ ಇರುತ್ತದೆ ಅಂದುಕೊಳ್ಳಿ. 2022ರಲ್ಲಿ ದೇಶದ ಒಂದು ದೊಡ್ಡ ಐಟಿ ಕಂಪನಿ ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದರು ಅಂತ 300 ಮಂದಿಯನ್ನು ತೆಗೆದುಹಾಕಿತು. ಕರೆಯೋಲೆ ಮಾಡುವುದು ಅಷ್ಟು ದೊಡ್ಡ ತಪ್ಪಲ್ಲ, ಆದರೆ ಲೋಗೋ ಕೆಲಸ ನಿಮ್ಮ ಕಂಪನಿಯೂ ಮಾಡುತ್ತದೆ ಅಂದರೆ ಅಲ್ಲಿ ಎಚ್ಚರ ಬೇಕು.

ಮ್ಯಾನೇಜರ್ ಹತ್ತಿರ ಮಾತಾಡಿ, ಎಚ್‌ಆರ್‌ಗೆ ಇಮೇಲ್ ಮಾಡಿ ಒಪ್ಪಿಗೆ ತೆಗೆದುಕೊಳ್ಳಿ. ಬೇಕಾದರೆ ಲೋಗೋ ಬಿಟ್ಟು ಕರೆಯೋಲೆ ಮಾತ್ರ ಮಾಡುತ್ತೇನೆ ಅಂತ ಬರೆಯಿರಿ. ಹಳೆಯದಾದರೂ ಸರಿ, ಒಂದು ಸ್ವಂತ ಲ್ಯಾಪ್‌ಟಾಪ್ ತೆಗೆದುಕೊಳ್ಳಿ. ದುಡ್ಡು ಕೊಡದೆ ಸಿಗುವ ಒಳ್ಳೆಯ ಸಾಫ್ಟ್‌ವೇರುಗಳು ಉಂಟು, ಇಂಕ್‌ಸ್ಕೇಪಿನಲ್ಲಿ ಕರೆಯೋಲೆ, ಲೋಗೋ ಎರಡೂ ಮಾಡಬಹುದು, ಕನ್ನಡ ಅಕ್ಷರವೂ ಚೆನ್ನಾಗಿ ಕೂರುತ್ತದೆ. ಶುರುವಿನಲ್ಲಿ ಕೈ ಕೂರುವುದಿಲ್ಲ, ಒಂದು ತಿಂಗಳು ಕೊಡಿ.

ಪ್ರಶ್ನೆ: ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಕ್ರೋಶೆ ಗೊಂಬೆ ಮಾಡಿ ಮಾರುತ್ತೇನೆ. ವರ್ಷಕ್ಕೆ ಸುಮಾರು 90,000 ರೂಪಾಯಿ ವ್ಯಾಪಾರ. ಜಿಎಸ್‌ಟಿ ಮಾಡಿಸಬೇಕಾ? ತೆರಿಗೆ ಹೇಗೆ? (ಕಾರ್ಕಳದ ಓದುಗಿ)

ಉತ್ತರ: ಚುಟುಕಾಗಿ ಹೇಳುತ್ತೇನೆ. ನಮ್ಮ ರಾಜ್ಯದೊಳಗೇ ವಸ್ತು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ತನಕ ಜಿಎಸ್‌ಟಿ ನೋಂದಣಿ ಬೇಡ. ಸೇವೆ ಕೊಡುವವರಿಗೆ, ಅಂದರೆ ಡಿಸೈನು, ಫೋಟೋದಂತಹ ಕೆಲಸಕ್ಕೆ, 20 ಲಕ್ಷ. ಬೇರೆ ರಾಜ್ಯಕ್ಕೆ ವಸ್ತು ಕಳಿಸುವುದಾದರೆ ನಿಯಮ ಬೇರೆ. ಕರಕುಶಲ ವಸ್ತುಗಳ ಒಂದು ಪಟ್ಟಿಗೆ ಮಾತ್ರ ಅಲ್ಲೂ ವಿನಾಯಿತಿ ಇದೆ. ಮುಂಬೈಯ ನೆಂಟರ ಮೂಲಕ ಆರ್ಡರ್ ಬರುತ್ತದೆ ಅಂದಿದ್ದೀರಿ, ಹಾಗಾಗಿ ನಿಮ್ಮ ಗೊಂಬೆ ಆ ಪಟ್ಟಿಯಲ್ಲಿ ಬರುತ್ತದಾ ಅಂತ ಒಬ್ಬ ಸಿಎ ಹತ್ತಿರ ಕೇಳಿ.

ಆದಾಯ ತೆರಿಗೆಗೆ ಗೊಂಬೆಯ ಲಾಭ ಸಂಬಳದ ಜೊತೆ ಸೇರುತ್ತದೆ. ಸಂಬಳದವರು ತುಂಬುವ ಐಟಿಆರ್-1 ಫಾರ್ಮು ನಿಮಗೆ ಆಗುವುದಿಲ್ಲ. ಅಂದಾಜು ಲಾಭದ ಪದ್ಧತಿಯಲ್ಲಿ ಐಟಿಆರ್-4 ತುಂಬಬಹುದು. ಬ್ಯಾಂಕ್, ಯುಪಿಐ ಮೂಲಕ ಬಂದ ವ್ಯಾಪಾರದ ಕನಿಷ್ಠ 6 ಶೇಕಡಾ, ನಗದಿನದ್ದು 8 ಶೇಕಡಾ ಲಾಭ ಅಂತ ತೋರಿಸುವುದು. ನಿಮಗೆ ಅದಕ್ಕಿಂತ ಜಾಸ್ತಿ ಉಳಿಯುತ್ತಿದ್ದರೆ ಜಾಸ್ತಿಯನ್ನೇ ತೋರಿಸಿ. ಗೊಂಬೆಯ ಹಣಕ್ಕೆ ಬೇರೆಯೇ ಒಂದು ಉಳಿತಾಯ ಖಾತೆ ತೆರೆಯಿರಿ. ಲೆಕ್ಕದ ಅರ್ಧ ಕೆಲಸ ಅಲ್ಲೇ ಮುಗಿಯಿತು. ಸಣ್ಣ ಉದ್ಯಮ ಅಂತ ಹೆಸರು ಬರೆಸುವ ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ. ಅದಕ್ಕೆ ಯಾರಾದರೂ ಶುಲ್ಕ ಅಂತ ಕೇಳಿದರೆ ಕೊಡಬೇಡಿ.

ನೈಟ್ ಶಿಫ್ಟ್ ಮುಗಿಸಿ ಬಂದ ಬೆಳಿಗ್ಗೆ ಕೂತು ಹೆಣೆಯುತ್ತೇನೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದು ಬೇಡ. ಮೊದಲು ಮಲಗಿ. ನಿಮ್ಮ ಕೈಯಲ್ಲಿ ಇನ್ನೊಬ್ಬರ ಜೀವ ಇರುತ್ತದೆ.

ಪ್ರಶ್ನೆ: ಅಕ್ಕಾ, ನಾನು ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಮದುವೆ, ಸೀಮಂತಕ್ಕೆ ಆರತಿ ತಟ್ಟೆ ಅಲಂಕಾರ ಮಾಡಿಕೊಡುತ್ತೇನೆ. ಹೊರಗಿನವರಿಗಿಂತ ನೆಂಟರೇ ಜಾಸ್ತಿ. ಅವರು ದುಡ್ಡು ಕೊಡುವುದಿಲ್ಲ, ನನಗೆ ಕೇಳಲು ಬಾಯಿ ಬರುವುದಿಲ್ಲ. ಬರುವ ಮೇ ತಿಂಗಳಲ್ಲಿ ಸೋದರತ್ತೆಯ ಮಗನ ಮದುವೆ, 21 ತಟ್ಟೆ ಬೇಕಂತೆ. ಮೊದಲು ಎಷ್ಟು ಇಷ್ಟದಿಂದ ಮಾಡುತ್ತಿದ್ದೆ. ಈಗ ಮುತ್ತು, ಜರಿ, ಬಣ್ಣದ ಕಾಗದ ನೋಡಿದರೆ ತಲೆನೋವು ಬರುತ್ತದೆ. ನಿಲ್ಲಿಸಿಬಿಡಲಾ? (ಕುಂದಾಪುರದ ಓದುಗಿ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊನೆಯ ಎರಡು ಸಾಲು ಓದಿ ಬೇಸರವಾಯಿತು. ದುಡ್ಡು ಹೋದರೆ ಮತ್ತೆ ಬರುತ್ತದೆ. ಕೈಗೆ ಇಷ್ಟವಾದ ಕೆಲಸದ ಮೇಲೆ ಬೇಸರ ಬಂದರೆ ಅದು ಹೋಗುವುದಕ್ಕೆ ತುಂಬಾ ದಿನ ಬೇಕು.

ಅಲಂಕಾರ ನಿಲ್ಲಿಸಬೇಡಿ. ಆರು ತಿಂಗಳು ಬೇರೆಯವರಿಗೆ ಮಾಡುವುದನ್ನು ನಿಲ್ಲಿಸಿ. ದುಡ್ಡಿಗೂ ಬೇಡ, ಧರ್ಮಕ್ಕೂ ಬೇಡ. ಶಾಲೆಯ ಸಂಬಳ ಇದೆಯಲ್ಲ, ಮನೆ ನಡೆಯುತ್ತದೆ. ಪರ್ಕಳದ ತಂಗಿಗೆ ಹೇಳಿದ್ದೇ ನಿಮಗೂ. ಆ ಆರು ತಿಂಗಳಲ್ಲಿ ನಿಮಗೆ ಮನಸ್ಸು ಬಂದ ದಿನ ಒಂದೇ ಒಂದು ತಟ್ಟೆ ಮಾಡಿ, ನಿಮ್ಮ ಮನೆಯ ದೇವರ ಕೋಣೆಗೆ. ಯಾರಿಗೂ ಫೋಟೋ ಕಳಿಸಬೇಡಿ. ಫೋಟೋ ನೋಡಿದ ಕೂಡಲೇ ನನಗೂ ಒಂದು ಅಂತ ಶುರುವಾಗುತ್ತದೆ.

ಆಮೇಲೆ ಮತ್ತೆ ಶುರು ಮಾಡುವಾಗ ಒಂದು ರೇಟಿನ ಪಟ್ಟಿ ಬರೆದು ಇಟ್ಟುಕೊಳ್ಳಿ. ಬಾಯಲ್ಲಿ ಹೇಳಲು ಆಗದ್ದನ್ನು ಕಾಗದ ಹೇಳುತ್ತದೆ. ಐದು ತಟ್ಟೆಗೆ ಇಷ್ಟು, ಹನ್ನೊಂದಕ್ಕೆ ಇಷ್ಟು. ನೆಂಟರು ಕೇಳಿದರೆ ಅದನ್ನೇ ಕಳಿಸಿ. ವರ್ಷಕ್ಕೆ ಎರಡು ಮನೆಗೆ ಮಾತ್ರ ಉಡುಗೊರೆಯಾಗಿ ಮಾಡಿ, ಯಾವ ಎರಡು ಅಂತ ತೀರ್ಮಾನ ಮಾಡುವುದು ನೀವು, ಕೇಳಿದವರಲ್ಲ. ನಿಮ್ಮ ಮಗು ಹುಟ್ಟಿದಾಗ ಬಂದು ನಿಂತವರು, ಕಷ್ಟದಲ್ಲಿ ಕೈ ಹಿಡಿದವರು ಅಂತ ಇರುತ್ತಾರಲ್ಲ, ಅವರಿಗೆ ಕೊಡುವಾಗ ಕೈ ತಾನಾಗಿ ಓಡುತ್ತದೆ. ಒಂದಿಬ್ಬರು ಮುಖ ದಪ್ಪ ಮಾಡಿಕೊಳ್ಳಬಹುದು. ನನಗೂ ಆಗಿತ್ತು, ಎರಡು ವರ್ಷ ಒಬ್ಬರು ನಮ್ಮ ಮನೆಗೆ ಬರಲಿಲ್ಲ. ಆಮೇಲೆ ಬಂದರು.

ಮೇ ತಿಂಗಳ 21 ತಟ್ಟೆಯ ವಿಷಯವನ್ನು ಮುಂದೆ ಹಾಕಬೇಡಿ. ಸೋದರತ್ತೆಗೆ ಈ ವಾರವೇ ಫೋನ್ ಮಾಡಿ. ಅವರಿಗೆ ಮೆಸೇಜ್ ಕಳಿಸುವುದು ಚೆನ್ನಾಗಿರುವುದಿಲ್ಲ, ಹತ್ತಿರದಲ್ಲಿದ್ದರೆ ಹೋಗಿಯೇ ಹೇಳಿ. "ಅತ್ತೇ, ಈ ಸಲ ನನ್ನಿಂದ ಆಗುವುದಿಲ್ಲ. ಮಾಡುವವರು ಒಬ್ಬರು ಇದ್ದಾರೆ, ನಂಬರ್ ಕೊಡುತ್ತೇನೆ. ಮದುವೆಯ ಹಿಂದಿನ ದಿನವೇ ಬಂದು ಅಡುಗೆಮನೆಯಲ್ಲಿ ನಿಮ್ಮ ಜೊತೆ ನಿಲ್ಲುತ್ತೇನೆ." ಅವರಿಗೆ ಬೇರೆಯವರನ್ನು ಹುಡುಕಲು ಈಗ ಇನ್ನೂ ಸಮಯ ಇದೆ.